ಗುರುವಾರದ ಪಾಳಿ

ನಾನು ಶಾಲೆ ಬಿಟ್ಟಿದ್ದು ೧೯೪೪ರಲ್ಲಿ, ಐದನೆಯ ಇಯತ್ತೆಯ ನಡುವೆ. ಮಾಸ್ತರರ ಹೊಡೆತಕ್ಕೆ ಹೆದರಿ ಬಿಟ್ಟವನಲ್ಲ. ಲೆಕ್ಕದಲ್ಲಿ ವರ್ಗಕ್ಕೆ ನಾನೇ ಮುಂದು. ಅಪ್ಪ ತಾಳಿಕೋಟೆಯ ಒಂದು ಹತ್ತಿ ಜಿನ್ನಿನಲ್ಲಿ ಬಾಯ್ಲರಿಗೆ ಬೆಂಕಿ ಹಾಕುವ ಕೆಲಸದಲ್ಲಿದ್ದ. ಅವನ ಎದೆ ಹೊಗೆಗೆ ಸೋತಾಗ ಅವನ ಕೈಯ ಸಲಿಕೆ ನನ್ನ ಕೈಗೆ ಬಂತು. ಮುಂದೆ ಕಲಿತದ್ದೆಲ್ಲ ಎಣ್ಣೆಗೈಯಲ್ಲೇ ಕಲಿತದ್ದು. ಅದಕ್ಕೆ ನನಗೆ ನಾಚಿಕೆ ಇಲ್ಲ.

೧೯೫೫ರಲ್ಲಿ ಸಿಂದಗಿಯಲ್ಲಿ ಆಯಿಲ್ ಎಂಜಿನ್ ಮಾರುವ ಅಂಗಡಿಯೊಂದಕ್ಕೆ ಫಿಟ್ಟರ್ ಆಗಿ ಸೇರಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕು ನನ್ನ ಪಾಲಿಗೆ ಬಂದವು. ಅಂಗಡಿಯವರು ಎಂಜಿನ್ ಮಾರುವರು. ಅದನ್ನು ಬಾವಿಗಿಳಿಸಿ, ಕೂಡಿಸಿ, ಓಡಿಸಿ ತೋರಿಸುವುದು ನನ್ನ ಕೆಲಸ. ಬಸ್ಸಿನ ಟಪ್ಪಿನ ಮೇಲೆ ಸೈಕಲ್, ಸೈಕಲ್ಲಿನ ಹಿಂದೆ ಪಾನಾ, ಸುತ್ತಿಗೆಯ ಚೀಲ. ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ನಾನು ಕೂಡಿಸಿದ ಎಂಜಿನ್ ಒಂದು ವರ್ಷದೊಳಗೆ ಮತ್ತೆ ನನ್ನನ್ನು ಕರೆಸಿದ್ದು ಬಹಳ ಕಡಿಮೆ.

ಓದುವವರಿಗೆ ಆ ಕಾಲದ ಬಾವಿಗಳ ಬಗ್ಗೆ ಸ್ವಲ್ಪ ತಿಳಿಸಬೇಕು. ಎಂಜಿನ್ ಬರುವ ಮೊದಲು ಕಪಿಲೆ ಇತ್ತು. ತೊಗಲಿನ ದೊಡ್ಡ ಚೀಲ, ದಪ್ಪ ಹಗ್ಗ, ಒಂದು ಜೋಡಿ ಎತ್ತು. ಎತ್ತು ಇಳಿಜಾರಿನಲ್ಲಿ ಇಳಿದಂತೆ ಚೀಲ ಮೇಲೆ ಬಂದು ಕಾಲುವೆಗೆ ನೀರು ಸುರಿಯುತ್ತದೆ. ಒಂದು ಬಾವಿಯಲ್ಲಿ ಅಣ್ಣತಮ್ಮಂದಿರಿಗೆ, ಅವರ ಮಕ್ಕಳಿಗೆ, ಹೀಗೆ ಎರಡು ಮೂರು ಮನೆಗಳಿಗೆ ಹಕ್ಕು. ಯಾವ ದಿನ ಯಾರು ನೀರೆತ್ತಬೇಕು ಎಂಬುದೇ ಪಾಳಿ. ಪಾಳಿ ಆರು ದಿನಕ್ಕೆ ಮಾತ್ರ. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅಂದು ಬಾವಿಗೂ ಸೂಟಿ.

ಎಂಜಿನ್ ಬಂದ ಮೇಲೆ ಈ ಸೂಟಿಗೆ ಕುತ್ತು ಬಂತು. ಹೊರ್ತಿಯ ಕಡೆ ಒಬ್ಬ ಗೌಡ ಸೋಮವಾರ ಎಂಜಿನ್ ಹಚ್ಚಬೇಕೋ ಬಾರದೋ ಎಂದು ಬಾವಿಯ ದಂಡೆಯ ಮೇಲೆ ಕೂತು ಬಹಳ ಹೊತ್ತು ವಿಚಾರ ಮಾಡಿ ನನ್ನನ್ನೇ ಕೇಳಿದ.

“ಫಿಟ್ಟರ್ ಸಾಬ್ರ, ಇದರ ಹೊಟ್ಟ್ಯಾಗ ಎತ್ತ ಅದಾವೇನ್ರಿ?”

“ಇಲ್ರಿ, ಐದ ಕುದುರಿ ಅದಾವು,” ಅಂದೆ. ಐದು ಹಾರ್ಸ್‌ಪವರಿನ ಎಂಜಿನ್ ಅದು.

“ಹಂಗಾರ ಕುದುರಿಗೆ ಯಾತರ ಸೂಟಿ? ಹಚ್ಚ ಮತ್ತ,” ಅಂದ.

ಹೀಗೆ ಒಂದೊಂದಾಗಿ ಎಲ್ಲ ಬಾವಿಗಳೂ ಸೋಮವಾರ ನೀರು ಕೊಡತೊಡಗಿದವು.

೧೯೬೧ರ ಜನವರಿ. ಗೋಧಿಯ ತೆನೆಯಲ್ಲಿ ಕಾಳು ಹಾಲು ತುಂಬುವ ಸಮಯ. ಆ ಹೊತ್ತಿನಲ್ಲಿ ನೀರು ತಪ್ಪಿದರೆ ಕಾಳು ಜೊಳ್ಳಾಗುತ್ತದೆ. ನಾಲ್ಕೂ ತಾಲೂಕಿನಿಂದ ಕರೆಗಳು ಬರುತ್ತಿದ್ದವು. ಒಂದು ಮುಂಜಾನೆ ಸಿಂದಗಿ ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯವನು ಒಬ್ಬ ಹೊರಗಿನ ಮನುಷ್ಯನನ್ನು ನಮ್ಮ ಅಂಗಡಿಗೆ ಕರೆತಂದ.

“ಮೈಬುಸಾಬ, ಇವ್ರ ಮಾತ ನಮಗ ತಿಳಿವಲ್ದು. ನಿಮ್ಮ ಮನಿ ಮಾತ ಆಡಾಕತ್ತಾರ. ಏನ ಬೇಕಾಗೈತಿ ನೋಡಪಾ,” ಅಂದ.

ನಮ್ಮ ಮನೆಯಲ್ಲಿ ಉರ್ದು, ಹೊರಗೆಲ್ಲ ಕನ್ನಡ. ಬಂದವನದು ಹಿಂದೂಸ್ತಾನಿ. ವಯಸ್ಸು ನಲವತ್ತರ ಆಚೀಚೆ. ದಪ್ಪ ಬೆರಳು, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಗ್ರೀಸು. ಆ ಉಗುರು ನೋಡಿಯೇ ನಾನು ಅವನಿಗೆ ಸ್ಟೂಲು ಎಳೆದುಕೊಟ್ಟೆ.

ಹೆಸರು ಶಂಕರಲಾಲ್. ಅಂಡಮಾನಿನ ಪೋರ್ಟ್‌ಬ್ಲೇರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುವ ಫಿಟ್ಟರ್. ರಜೆ ಹಾಕಿ, ಹಡಗಿನಲ್ಲಿ ಮದ್ರಾಸಿಗೆ ಬಂದು, ಅಲ್ಲಿಂದ ರೈಲು ಬಸ್ಸು ಹತ್ತಿ ಇಲ್ಲಿಗೆ ಬಂದಿದ್ದ. ಅವನ ಅಜ್ಜ ಸಿದ್ರಾಮಪ್ಪ ಈ ಬಿಜಾಪುರ ಜಿಲ್ಲೆಯವನು. ಬಾವಿಯ ನೀರಿನ ಜಗಳದಲ್ಲಿ ಒಬ್ಬನನ್ನು ಕೊಂದು ಕರಿನೀರಿನ ಶಿಕ್ಷೆಗೆ ಹೋದವನು. ಅಲ್ಲಿ ವರ್ಷಗಟ್ಟಲೆ ಸೆರೆಯಲ್ಲಿ ದುಡಿದ ಮೇಲೆ ಸರಕಾರ ಒಂದು ತುಂಡು ಭೂಮಿ ಕೊಟ್ಟು ಬೇರೆ ಇರಲು ಬಿಟ್ಟಿತು. ಉತ್ತರದ ಕಡೆಯಿಂದ ಹಾಗೆಯೇ ಶಿಕ್ಷೆಗೆ ಬಂದಿದ್ದ ಹೆಂಗಸನ್ನು ಮದುವೆಯಾದ. ಶಂಕರಲಾಲನಿಗೆ ಹನ್ನೆರಡೋ ಹದಿಮೂರೋ ಇದ್ದಾಗ ಅಜ್ಜ ತೀರಿಕೊಂಡ. ಕಾಗದಪತ್ರ ನೋಡೋಣವೆಂದರೆ, ಯುದ್ಧದಲ್ಲಿ ಜಪಾನಿನ ಸೈನ್ಯ ಬಂದು ಹೋದ ಮೇಲೆ ಅಲ್ಲಿ ಅವನಿಗೆ ಏನೂ ಸಿಕ್ಕಿರಲಿಲ್ಲ.

“ಊರು ಯಾವುದು?” ಅಂದೆ.

“ಅದೇ ಗೊತ್ತಿಲ್ಲ. ಅಜ್ಜ ಸಾಯುವತನಕ ಊರಿನ ಹೆಸರು ಹೇಳಲಿಲ್ಲ. ನನ್ನ ಬಾಯಿಂದ ಆ ಹೆಸರು ಬಂದರೆ ಊರು ಮೈಲಿಗೆ ಆಗುತ್ತದೆ ಅನ್ನುತ್ತಿದ್ದ.”

ಹಾಗಾದರೆ ಈಗ್ಯಾಕೆ ಹುಡುಕುತ್ತೀರಿ ಅಂದೆ. ಅವನ ಅಪ್ಪ ಹಾಸಿಗೆ ಹಿಡಿದಿದ್ದರು, ಏಳುವ ಆಸೆ ಇರಲಿಲ್ಲ. ಪೋರ್ಟ್‌ಬ್ಲೇರಿನಲ್ಲಿ ಯಾರೂ ಯಾರ ಮೂಲವನ್ನೂ ಕೇಳುವುದಿಲ್ಲ. ಅಲ್ಲಿಯವರೆಲ್ಲ ಹಾಗೇ ಬಂದವರ ಮಕ್ಕಳು. ಆದರೂ ಸಾಯುವ ಮೊದಲು ಅಪ್ಪನಿಗೆ ಒಂದೇ ಆಸೆ ಉಳಿದಿತ್ತು. ಅಪ್ಪನ ಆ ಮಾತನ್ನು ಶಂಕರಲಾಲ್ ಹೇಳಿದ್ದು ಹೀಗೆ: “ನಮ್ಮ ಹೆಸರು ಕೇಳಿ ಅವರು ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಲಿ. ಆದರೆ ಆ ಬಾಗಿಲು ಯಾವುದು ಅಂತ ನನಗೆ ಗೊತ್ತಾಗಬೇಕು.”

ನನ್ನ ಅಪ್ಪ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ನಾನು ಬೇರೇನೂ ಕೇಳಲಿಲ್ಲ. “ನಾಳೆಯಿಂದ ನನ್ನ ಸಂಗಡ ಬನ್ನಿ. ನಾನು ಎಂಜಿನ್ ನೋಡುತ್ತೇನೆ, ನೀವು ಊರು ನೋಡಿ,” ಅಂದೆ.

ಮೊದಲು ಇಂಡಿ ತಾಲೂಕಿಗೆ ಹೋದೆವು. ನನಗೆ ಪರಿಚಯವಿಲ್ಲದ ಊರಿಲ್ಲ ಎಂಬ ಜಂಬದಲ್ಲಿ ನಾನು ನೆಟ್ಟಗೆ ಕೇಳಿದೆ: ನಿಮ್ಮ ಊರಿನಿಂದ ಹಿಂದೆ ಯಾರಾದರೂ ಕರಿನೀರಿಗೆ ಹೋಗಿದ್ದರೇ? ಲಿಂಬೆ ತೋಟಕ್ಕೆ ಎಂಜಿನ್ ಹಾಕಿಸಿಕೊಂಡು ನನಗೆ ಮಜ್ಜಿಗೆ ಕೊಟ್ಟ ಮನೆಯವರೂ ಆ ಪ್ರಶ್ನೆಗೆ ಎದ್ದು ಒಳಗೆ ಹೋದರು. ಹೊರ್ತಿಯ ಒಬ್ಬ ಮುದುಕ ನನ್ನ ತೋಳು ಹಿಡಿದು ಆಚೆ ಕರೆದ.

“ಕರಿನೀರಿಗೆ ಹೋದಾಂವ ನಮ್ಮೂರಾಂವ ಅಂತ ಯಾವ ಹುಚ್ಚ ಹೇಳ್ತಾನೋ ತಮ್ಮಾ? ನಾಳೆ ನಮಗ ಹೆಣ್ಣ ಕೊಡೂದು ತರೂದು ಬ್ಯಾಡೇನು?”

ಸಿಂದಗಿ ತಾಲೂಕಿನಲ್ಲೂ ಅದೇ ಕಥೆ. ಮುದ್ದೇಬಿಹಾಳದ ಕಡೆ ಒಬ್ಬ ಮಾತ್ರ ನಕ್ಕು ಮಾತಾಡಿದ. “ನಮ್ಮೂರಾಗ ಎಲ್ಲಾರೂ ಸಂಭಾವಿತ್ರು ಸಾಬ್ರ. ಖೂನಿ ಗೀನಿ ಬೇಕಂದ್ರ ಮುಂದಿನ ಊರಿಗೆ ಹೋಗ್ರಿ.” ಮುಂದಿನ ಊರಿಗೆ ಹೋದರೆ ಅಲ್ಲಿಯವನು, “ಯಾರ ಕಳಿಸಿದ್ರು ನಿಮ್ಮನ್ನ? ಅವರ ಊರ್ನಾಗ ಕೇಳ್ರಿ ಮೊದಲ, ಅಲ್ಲೆ ಮನಿಗೊಬ್ಬಾಂವ ಸಿಗ್ತಾನ,” ಅಂದ. ಶಂಕರಲಾಲನಿಗೆ ಮಾತು ತಿಳಿಯದಿದ್ದರೂ ಮುಖ ತಿಳಿಯುತ್ತಿತ್ತು. ಹಡಗಿನ ದಿನ ಹತ್ತಿರ ಬರುತ್ತಿತ್ತು.

ಮುದ್ದೇಬಿಹಾಳದ ಸಮೀಪದ ಒಂದು ತೋಟದಲ್ಲಿ ಎಂಜಿನ್ ಕರಿಹೊಗೆ ಕಾರುತ್ತಿತ್ತು. ನಮ್ಮ ಕೆಲಸದಲ್ಲಿ ಒಂದು ರೀತಿ ಇದೆ. ಕೆಟ್ಟ ಎಂಜಿನ್ ಮುಂದೆ ನಿಂತು “ಏನು ಮಾಡಿದಿರಿ” ಎಂದು ಕೇಳಬಾರದು. ಕೇಳಿದರೆ ಮಾಲೀಕ, ನಾನೇನೂ ಮಾಡಿಲ್ಲ, ತಾನೇ ಕೆಟ್ಟಿತು ಅನ್ನುತ್ತಾನೆ. ಚೆನ್ನಾಗಿ ಓಡುತ್ತಿದ್ದಾಗ ಹೇಗೆ ಓಡುತ್ತಿತ್ತು ಎಂದು ಕೇಳಬೇಕು. ನಾನು ಹಾಗೇ ಕೇಳಿದೆ. ಮಾಲೀಕ ಮೀಸೆ ತೀಡಿಕೊಂಡ.

“ಏನ್ ಕೇಳ್ತೀರಿ ಸಾಬ್ರ, ಬಂಗಾರದಂಥ ಎಂಜಿನ್. ಡೀಸೆಲ್ ಮುಗೀತಂದ್ರ ಅರ್ಧಾ ಚಿಮಣಿ ಎಣ್ಣಿ ಸುರದ್ರೂ ಓಡೂದು!”

ರೋಗ ಸಿಕ್ಕಿತು: ಡೀಸೆಲ್ಲಿನ ಜೊತೆ ಸೀಮೆಎಣ್ಣೆ. ನಾಜಲ್ ಬಿಚ್ಚುತ್ತ ಆ ಮಾತನ್ನು ಶಂಕರಲಾಲನಿಗೆ ಉರ್ದುವಿನಲ್ಲಿ ಹೇಳಿದೆ. ಬಂದ ಮೇಲೆ ಮೊದಲ ಸಲ ಅವನು ಹೊಟ್ಟೆ ಹಿಡಿದು ನಕ್ಕ. “ನಮ್ಮ ದೋಣಿಯವರೂ ಹೀಗೇ ಭಾಯಿಸಾಬ್,” ಅಂದ.

ಆಗ ನನಗೆ ಹೊಳೆಯಿತು. ಇಷ್ಟು ದಿನ ನಾನು ಊರವರನ್ನೂ ಇವನನ್ನೂ ಕೆಟ್ಟ ದಿನದ ಬಗ್ಗೆಯೇ ಕೇಳುತ್ತಿದ್ದೆ. ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದಾಗ ಅಂದೆ: “ಕೊಲೆಯ ಮಾತು ಬಿಡಿ. ನಿಮ್ಮ ಅಜ್ಜ ಅಲ್ಲಿ ಸುಮ್ಮನೆ ಮನೆಯಲ್ಲಿದ್ದಾಗ ಏನು ಮಾಡುತ್ತಿದ್ದ, ಅದನ್ನು ಹೇಳಿ.”

ಅವನು ರೊಟ್ಟಿ ಮುರಿಯುತ್ತ ಹೇಳಿದ. ಮನೆಮಂದಿಯೆಲ್ಲ ಅಜ್ಜನನ್ನು ಮುತ್ಯಾ ಅನ್ನುತ್ತಿದ್ದರು, ಹಾಗೆ ಕರೆಯಲು ಅವನೇ ಕಲಿಸಿದ್ದ. ಸಿಟ್ಟು ಮಾಡುತ್ತಿರಲಿಲ್ಲ. ಯಾರಾದರೂ ಜಗಳವಾಡಿದರೆ ಎದ್ದು ಹೋಗಿಬಿಡುತ್ತಿದ್ದ. ಹಗ್ಗ ಹೊಸೆಯುತ್ತಿದ್ದ. “ಮತ್ತೆ ಗುರುವಾರದ ಹುಚ್ಚು ಒಂದಿತ್ತು,” ಅಂದ.

“ಏನು ಹುಚ್ಚು?”

“ಬೇರೆ ದಿನ ನೀರು ತರುವುದು ಹೆಂಗಸರ ಕೆಲಸ. ಗುರುವಾರ ಮಾತ್ರ ಬಾವಿಯ ಹಗ್ಗವನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಇವತ್ತು ನನ್ನದು ಅನ್ನುತ್ತಿದ್ದ. ಬೆಳಗಿನಿಂದ ತಾನೇ ಸೇದಿ, ಅಕ್ಕಪಕ್ಕದ ಮನೆಯ ಕೊಡವನ್ನೂ ತುಂಬಿ, ಉಳಿದದ್ದನ್ನು ಗಿಡಗಳ ಬುಡಕ್ಕೆ ಹರಿಸುತ್ತಿದ್ದ. ಯಾವುದೋ ಹರಕೆ ಅಂದುಕೊಂಡಿದ್ದೆವು.”

ನನ್ನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ನನಗೂ ಒಂದು ಗುರುವಾರ ಗೊತ್ತಿತ್ತು. ಎರಡು ವರ್ಷದ ಹಿಂದೆ ಬಸವನ ಬಾಗೇವಾಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಎಂಜಿನ್ ಕೂಡಿಸಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಆ ಮನೆಗಳು ಇಂದಿಗೂ ಇವೆ. ಡೋಣಿ ಹಳ್ಳದ ದಂಡೆಯ ಊರು. ಹಳ್ಳದ ನೀರು ಉಪ್ಪು. ಹಾಗಾಗಿ ಸಿಹಿನೀರಿನ ಆ ಬಾವಿಯೆಂದರೆ ಎರಡು ಮನೆಗಳಿಗೆ ಜೀವ. ಸೋಮವಾರದ ಸೂಟಿಯನ್ನು ಅವರು ಒಂದೇ ಮಾತಿಗೆ ಬಿಟ್ಟುಕೊಟ್ಟಿದ್ದರು. ಆದರೆ ನಾನು ಓಡಿಸಿ ತೋರಿಸಬೇಕಾದ ದಿನ ಗುರುವಾರ ಬಂದಿತ್ತು, ಹ್ಯಾಂಡಲ್ ಮುಟ್ಟಗೊಡಲಿಲ್ಲ. “ಗುರುವಾರ ಈ ಬಾವಿ ನೀರ ಎತ್ತಂಗಿಲ್ರಿ. ಹಿರ್‍ಯಾರ ಕಾಲದಿಂದ ಹಂಗ ಬಂದೈತಿ,” ಅಂದಿದ್ದರು. ನಾನು ಸಿಟ್ಟಾಗಿ ಒಂದು ದಿನ ಅಲ್ಲೇ ಬಿದ್ದುಕೊಂಡಿದ್ದೆ. ಎತ್ತಿಗೆ ಸೂಟಿ ಇಲ್ಲ, ಎಂಜಿನ್ನಿಗೆ ಇದೆಯೇ ಎಂದು ಗೊಣಗಿದ್ದೆ. ನಾನು ತಿರುಗಿದ ನಾಲ್ಕು ತಾಲೂಕಿನಲ್ಲಿ ಗುರುವಾರ ನಿಲ್ಲುವ ಬಾವಿ ಬೇರೆ ಇರಲಿಲ್ಲ.

ಬುಧವಾರ ಮಧ್ಯಾಹ್ನ ಆ ಊರು ಸೇರಿದೆವು. ಬಾವಿಯಲ್ಲಿ ಹಕ್ಕಿದ್ದ ಎರಡು ಮನೆಗಳ ಪೈಕಿ ಒಂದರ ಹಿರಿಯ ಬಸಲಿಂಗಪ್ಪ. ಅರವತ್ತು ದಾಟಿದ ಗಟ್ಟಿ ಆಳು. ಇನ್ನೊಂದು ಮನೆಯ ಹಿರಿಯಳು ನೀಲವ್ವ. ಅವಳಿಗೆ ಎಪ್ಪತ್ತಾಗಿತ್ತು, ತಾಯಿಗೆ ಒಬ್ಬಳೇ ಮಗಳಾದ್ದರಿಂದ ಮನೆಅಳಿಯನನ್ನು ತಂದುಕೊಂಡು ತವರಿನಲ್ಲೇ ಉಳಿದವಳು. ಎರಡೂ ಒಂದೇ ಮೂಲದ ಮನೆಗಳು, ನಡುವೆ ಮೊಣಕಾಲೆತ್ತರದ ಗೋಡೆ. ಬಸಲಿಂಗಪ್ಪ ಕಟ್ಟೆಯ ಮೇಲೆ ಕೂತು ಎತ್ತಿನ ಬೆನ್ನಿಗೆ ಹೊದಿಸುವ ಜೂಲಿನ ಹೊಲಿಗೆ ಬಿಚ್ಚುತ್ತಿದ್ದ. ನನ್ನನ್ನು ಕಂಡು ನಕ್ಕ.

“ಬರ್ರಿ ಫಿಟ್ಟರ್ ಸಾಬ್ರ. ಎಂಜಿನ್ ಚಂದ ಐತಿ. ನೀವ್ಯಾಕ ಬಂದ್ರಿ?”

“ಗುರುವಾರ ಯಾಕ ಬಾವಿ ಬಿಟ್ಟೀರಿ ಅಂತ ಕೇಳಾಕ ಬಂದೇನ್ರಿ.”

“ಎರಡ ವರ್ಷ ಆತು, ಇನ್ನೂ ಅದ ಸಿಟ್ಟೈತೇನ್ರಿ ನಿಮಗ?”

“ಸಿಟ್ಟಲ್ರಿ. ಇವರ ಮುತ್ಯಾನೂ ಗುರುವಾರದ ಪಾಳಿಯಾಂವ. ಸಿದ್ರಾಮಪ್ಪ ಅಂತ ಹೆಸರು. ಇವ್ರು ಅಂಡಮಾನಿನಿಂದ ಬಂದಾರ.”

ಅವನ ನಗು ನಿಂತಿತು. ಶಂಕರಲಾಲನ ಮುಖವನ್ನು ಒಮ್ಮೆ ನೋಡಿ ಬೇರೆ ಕಡೆ ತಿರುಗಿದ.

“ಸಿದ್ರಾಮಪ್ಪ ಅಂತ ನಮ್ಮ ಮನ್ಯಾಗ ಯಾರೂ ಇಲ್ಲ.”

“ಇದ್ರೇನ್ರಿ?”

“ಇದ್ದ, ಸತ್ತ. ನಮ್ಮ ದೊಡ್ಡಪ್ಪ ಆಗ್ಬೇಕು. ಅಂವನ್ನ ಹಡಗ ಹತ್ತಿಸಿದ ವರ್ಷನ ನಮ್ಮಪ್ಪ ಅಂವಂದು ದಿನಕರ್ಮಾ ಮಾಡಿ ಊರಿಗೆ ಉಣಿಸ್ಯಾನ. ಸತ್ತಾಂವಗ ಮೊಮ್ಮಕ್ಕಳು ಎಲ್ಲಿಂದ ಬಂದ್ರು?” ಎಂದು ಎದ್ದು ನಿಂತ. “ಏನ್ ಸಾಬ್ರ, ಎಂಜಿನ್ ನೋಡಾವ್ರು ನಮ್ಮ ಮನಿ ಬುಡಾ ಅಗಿಯಾಕ ನಿಂತೀರಲ್ಲ! ಪಾಲ ಕೇಳಾಕ ಬಂದಾನ ಇಂವ. ಇವತ್ತ ಮುತ್ಯಾ ಅಂತಾನ, ನಾಳೆ ಕೋರ್ಟ್ ಅಂತಾನ.”

ನಾನು ಉರ್ದುವಿನಲ್ಲಿ ಹೇಳಿದೆ. ಶಂಕರಲಾಲ್ ತಕ್ಷಣ, ನನಗೆ ಏನೂ ಬೇಡ, ಬೇಕಾದರೆ ಬರೆದುಕೊಡುತ್ತೇನೆ ಅಂದ. ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಬಸಲಿಂಗಪ್ಪನ ಧ್ವನಿ ಇನ್ನೂ ಏರಿತು.

“ಬರಕೊಡ್ತೇನಿ ಅಂದಾವ್ರ ಮೊದಲ ಕೇಸ ಹಾಕತಾರ. ನಾ ಕಂಡೇನಿ.”

ಆಗ ಗೋಡೆಯ ಆಚೆಯಿಂದ ಮಾತು ಬಂತು.

“ಏ ಬಸಲಿಂಗಾ, ಸಮುದ್ರ ದಾಟಿ ಬಂದಾಂವ ನಿನ್ನ ನಾಕ ಎಕರೆ ಎರಿ ಹೊಲಾ ಹೆಗಲ ಮ್ಯಾಲ ಹೊತ್ಗೊಂಡ ಹೋಗ್ತಾನೇನೋ? ಯಾರಂವ?”

ನೀಲವ್ವ ಗೋಡೆಯ ಹತ್ತಿರ ಬಂದು ನಿಂತಿದ್ದಳು. ಇವನು ಸಿದ್ರಾಮಪ್ಪನ ಮೊಮ್ಮಗ ಎಂದು ನಾನೇ ಹೇಳಿದೆ. ಅವಳು ಯಾರೆಂಬುದು ನನಗೆ ಅಷ್ಟರಲ್ಲಿ ತಿಳಿದುಹೋಗಿತ್ತು. ಬಾವಿಗೆ ಎರಡೇ ಮನೆ. ಕೊಂದವನು ಈ ಮನೆಯವನಾದರೆ ಸತ್ತವನು ಆ ಮನೆಯವನೇ ಆಗಬೇಕು.

“ನಮ್ಮಪ್ಪನ್ನ ಕೊಂದಾಂವನ ಮೊಮ್ಮಗ,” ಅಂದಳು. ಕೇಳಿದಂತೆ ಇರಲಿಲ್ಲ, ತನಗೆ ತಾನೇ ಹೇಳಿಕೊಂಡಂತೆ ಇತ್ತು.

ನಾನು ಅದನ್ನು ಉರ್ದುವಿನಲ್ಲಿ ತಿಳಿಸಿದಾಗ ಶಂಕರಲಾಲ್ ಗೋಡೆ ದಾಟಿ ಹೋಗಿ ಅವಳ ಕಾಲಿಗೆ ಬಾಗಿದ. ಅವಳು ಕಾಲು ಹಿಂದೆ ಎಳೆದುಕೊಂಡಳು.

“ಕಾಲ ಆಮ್ಯಾಲ. ಮೊದಲ ನಾ ಕೇಳಿದ್ದಕ್ಕ ಹೇಳು. ನಿಮ್ಮ ಮುತ್ಯಾ ಅಲ್ಲೆ ಏನಂತಿದ್ದ? ನಮ್ಮಪ್ಪ ಕೊಡ್ಲಿ ಎತ್ತಿದ್ದ, ಅದಕ್ಕ ಹೊಡದೆ ಅಂತಿದ್ದೇನು?”

ಈ ಪ್ರಶ್ನೆಯ ಹಿಂದೆ ಇಡೀ ಎಪ್ಪತ್ತು ವರ್ಷ ಇತ್ತು. ಅದು ನನಗೆ ಆಮೇಲೆ ತಿಳಿಯಿತು. ಮೊದಲು ಕೊಡಲಿ ಎತ್ತಿದವನು ನೀಲವ್ವನ ಅಪ್ಪನೇ ಎಂದು ಬಸಲಿಂಗಪ್ಪನ ಮನೆಯವರು ಅಂದಿನಿಂದ ಹೇಳಿಕೊಂಡು ಬಂದಿದ್ದರು. ಊರೂ ನಂಬಿತ್ತು. ಅಪ್ಪ ಸತ್ತಾಗ ನೀಲವ್ವ ತಾಯಿಯ ಹೊಟ್ಟೆಯಲ್ಲಿದ್ದಳು. ಹುಟ್ಟಿದ ದಿನದಿಂದ ಅವಳು ಕೇಳಿದ್ದು ಕೊಡಲಿ ಎತ್ತಿದವನ ಮಗಳು ಎಂಬ ಮಾತು.

ನಾನು ಒಂದು ಅಕ್ಷರ ಬಿಡದೆ ಶಂಕರಲಾಲನಿಗೆ ಹೇಳಿದೆ. ಅವನು ತಲೆ ಅಲ್ಲಾಡಿಸಿದ.

“ಕೊಡಲಿಯ ಮಾತು ನಾನು ಕೇಳೇ ಇಲ್ಲ. ಅಜ್ಜ ಆ ದಿನದ ಬಗ್ಗೆ ನನ್ನ ಅಪ್ಪನಿಗೆ ಹೇಳಿದ್ದು ಒಂದೇ ಮಾತು. ಅವನ ಕೈಯಲ್ಲಿ ಹಗ್ಗ ಇತ್ತು, ನನ್ನ ಕೈಯಲ್ಲಿ ಹಾರೆ ಇತ್ತು. ಹಗ್ಗ ಹಿಡಿದವನನ್ನು ಹೊಡೆದೆ. ಇಷ್ಟೇ.”

ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ನೀಲವ್ವ ಗೋಡೆಯ ಮೇಲೆ ಕೂತಳು.

“ಬುಧವಾರ ನಮ್ಮಪ್ಪನ ಪಾಳಿ,” ಅಂದಳು. “ಕಪಲಿ ಹಗ್ಗ ಹರದು ಅರ್ಧಾ ದಿನ ಹೋಗಿತ್ತಂತ. ಗೋಧಿ ಒಣಗಾಕತ್ತಿತ್ತು. ಗುರುವಾರ ಮುಂಜಾನಿ ಇನ್ನೆರಡ ಚೀಲ ಎತ್ಗೋತೇನಿ ಅಂತ ಹಗ್ಗ ಕೂಡಿಸ್ಕೋತ ಕುಂತಿದ್ದ. ಇದನ್ನ ನಮ್ಮವ್ವ ನನಗೊಬ್ಬಾಕಿಗೆ ಹೇಳಿ ಸತ್ತಾಳ. ಬ್ಯಾರೆ ಯಾರೂ ನಂಬಲಿಲ್ಲಂತ ಹೇಳೂದ ಬಿಟ್ಟಿದ್ಲು.” ಆಮೇಲೆ ತಿರುಗಿ ದೊಡ್ಡ ಧ್ವನಿಯಲ್ಲಿ ಕೇಳಿದಳು. “ಕೇಳಿದೇನೋ ಬಸಲಿಂಗಾ? ಕೊಡ್ಲಿ ಅಲ್ಲ. ಹಗ್ಗ.”

ಬಸಲಿಂಗಪ್ಪನ ಕೈಯಲ್ಲಿ ಜೂಲು ಹಾಗೇ ಇತ್ತು. “ನಮ್ಮಪ್ಪ ಹಂಗ ಹೇಳಿದ್ದಕ್ಕ...” ಎಂದು ಶುರುಮಾಡಿ ಬಿಟ್ಟುಬಿಟ್ಟ.

ಗುರುವಾರ ಬಾವಿ ಯಾಕೆ ನಿಂತಿತು ಎಂದು ನಾನು ಆಗ ಮತ್ತೆ ಕೇಳಿದೆ. ನೀಲವ್ವನೇ ಹೇಳಿದಳು. “ಗುರುವಾರ ಸಿದ್ರಾಮಪ್ಪಂದು. ಅಂವ ಹೋದ ಮ್ಯಾಲ ಅಂವನ ತಮ್ಮ ನಾಚಿಕಿಗೆ ಮಾರಿ ತೋರ್ಸಲಾರ್ದ ಬಿಟ್ಟ, ನಮ್ಮವ್ವ ಸಿಟ್ಟಿಗೆ ಬಿಟ್ಲು. ಮುಂದಿನಾವ್ರು ಹಿರ್‍ಯಾರು ಬಿಟ್ಟಾರಂತ ಬಿಟ್ರು. ಅಷ್ಟ.” ಎದ್ದು ಸೆರಗು ಕೊಡವಿಕೊಂಡಳು. “ನಾಳೆ ಗುರುವಾರ ಐತಿ. ಇಂವಂದ ಪಾಳಿ. ಹಚ್ಚಲಿ.”

“ಅಕ್ಕಾ, ಊರ ಮಂದಿ ಏನಂತಾರ?” ಅಂದ ಬಸಲಿಂಗಪ್ಪ.

“ಊರ ಮಂದಿ ಎಪ್ಪತ್ತ ವರ್ಷ ಅಂದಾರಲ್ಲೋ. ಇನ್ನೂ ನಾಕ ದಿನಾ ಅನ್ನಲಿ.”

ಮರುದಿನ ಮುಂಜಾನೆ ಬಾವಿಯ ಹತ್ತಿರ ಅರ್ಧ ಊರು ಕೂಡಿತ್ತು. ಬಸಲಿಂಗಪ್ಪ ಕಾಣಲಿಲ್ಲ. ಎಂಜಿನ್ ಇರುವುದು ಬಾವಿಯೊಳಗೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಕಟ್ಟಿದ ಕಟ್ಟೆಯ ಮೇಲೆ. ನಾನೂ ಶಂಕರಲಾಲನೂ ಮೆಟ್ಟಿಲಿಳಿದು ಹೋದೆವು. ಕೆಲಸ ಗೊತ್ತಿದ್ದವನಿಗೆ ಹೇಳಿಕೊಡುವುದು ಬೇಕಿಲ್ಲ. ಅವನು ಡೀಸೆಲ್ ನೋಡಿದ, ಎಣ್ಣೆ ನೋಡಿದ. ಆಮೇಲೆ ಕೊಡದಿಂದ ಪಂಪಿನ ಬಾಯಿಗೆ ನೀರು ಸುರಿಯತೊಡಗಿದ. ಇದಕ್ಕೆ ಪಂಪಿಗೆ ನೀರು ಕುಡಿಸುವುದು ಅನ್ನುತ್ತೇವೆ. ಪೈಪಿನ ತಳದಲ್ಲಿ ಫುಟ್‌ವಾಲ್ವ್ ಎಂಬ ಬಾಗಿಲಿರುತ್ತದೆ, ನೀರನ್ನು ಮೇಲೆ ಬಿಡುತ್ತದೆ, ಕೆಳಗೆ ಬಿಡುವುದಿಲ್ಲ. ಪೈಪು ತುಂಬದೆ ಎಂಜಿನ್ ಹಚ್ಚಿದರೆ ಪಂಪು ಬರೀ ಗಾಳಿ ತಿನ್ನುತ್ತದೆ.

ಪೈಪು ತುಂಬಿತು. ನಾನು ಹ್ಯಾಂಡಲನ್ನು ಅವನ ಕೈಗೆ ಕೊಟ್ಟು ಹಿಂದೆ ಸರಿದು ನಿಂತೆ. ಅವನು ಎರಡು ಸುತ್ತು ತಿರುಗಿಸಿ ಬಿಟ್ಟುಬಿಟ್ಟ. ಹ್ಯಾಂಡಲನ್ನು ನನ್ನ ಕಡೆ ಚಾಚಿದ.

“ನೀವೇ ಹಚ್ಚಿ ಭಾಯಿಸಾಬ್,” ಅಂದ.

“ಇದು ನನ್ನ ಪಾಳಿ ಅಲ್ಲ,” ಅಂದೆ.

ಮತ್ತೆ ಹ್ಯಾಂಡಲ್ ಹಾಕಿ ಜೋರಾಗಿ ತಿರುಗಿಸಿದ. ಎಂಜಿನ್ ಒಮ್ಮೆ ಕೆಮ್ಮಿ, ಕರಿಹೊಗೆ ಉಗುಳಿ, ಹಿಡಿದುಕೊಂಡಿತು. ಬಾವಿಯ ಗೋಡೆಗಳೆಲ್ಲ ಆ ಸದ್ದಿಗೆ ತುಂಬಿದವು. ಮೇಲಿನಿಂದ ಯಾರೋ “ಬಂತು, ಬಂತು!” ಎಂದು ಕೂಗಿದರು. ನಾವು ಮೇಲೆ ಹತ್ತಿ ಬಂದಾಗ ನೀರು ಕಾಲುವೆ ಹಿಡಿದು ಓಡುತ್ತಿತ್ತು. ಕಾಲುವೆ ಎರಡಾಗಿ ಒಡೆಯುವ ಜಾಗದಲ್ಲಿ ನೀಲವ್ವ ನಿಂತಿದ್ದಳು. ಒಂದು ಕವಲು ಬಸಲಿಂಗಪ್ಪನ ಹೊಲಕ್ಕೆ, ಇನ್ನೊಂದು ಅವಳ ಗೋಧಿಗೆ. ಅವಳ ಕಡೆಯ ಬಾಯಿ ಮಣ್ಣಿನಿಂದ ಮುಚ್ಚಿತ್ತು.

“ಯಾವ ಕಡೆ ಬಿಡ್ತಿ?” ಎಂದು ಶಂಕರಲಾಲನನ್ನು ಕೇಳಿದಳು. ಅವನಿಗೆ ಭಾಷೆ ಬೇಕಾಗಲಿಲ್ಲ. ಮೊಣಕಾಲೂರಿ ಕೂತು, ಬರಿಗೈಯಿಂದ ಅವಳ ಹೊಲದ ಕಡೆಯ ಮಣ್ಣು ತೆಗೆಯತೊಡಗಿದ. ಎರೆಮಣ್ಣು ಗಟ್ಟಿಯಾಗಿತ್ತು, ಬೇಗ ಬಿಡಲಿಲ್ಲ. ಅಷ್ಟರಲ್ಲಿ ಜನರ ನಡುವಿನಿಂದ ಬಸಲಿಂಗಪ್ಪ ಬಂದ, ಹೆಗಲ ಮೇಲೆ ಸಲಿಕೆ. ಯಾರನ್ನೂ ನೋಡಲಿಲ್ಲ. ಎರಡು ಏಟಿಗೆ ಆ ಬಾಯಿ ತೆರೆದ, ತೆಗೆದ ಮಣ್ಣನ್ನೇ ತನ್ನ ಹೊಲದ ಬಾಯಿಗೆ ಒಗೆದು ಮೆಟ್ಟಿದ. ನೀರು ತಿರುಗಿ ನೀಲವ್ವನ ಗೋಧಿಗೆ ಹೋಯಿತು.

“ಕೈಯಲೆ ಮಣ್ಣ ತಗೀತಾನಂತ, ಹುಚ್ಚಪ್ಯಾಲಿ,” ಎಂದು ಗೊಣಗಿ ಶಂಕರಲಾಲನ ರಟ್ಟೆ ಹಿಡಿದು ಎಬ್ಬಿಸಿದ. “ಏಳೋ ತಮ್ಮಾ.” ಆ ತಮ್ಮಾ ಎಂಬ ಮಾತನ್ನು ನಾನು ಉರ್ದುವಿಗೆ ತರಲಿಲ್ಲ. ತರಬೇಕಾಗಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕರೆದರು. ಇಂಥ ಮನೆಗಳಲ್ಲಿ ನನಗೆ ಹೊರಗಿನ ಕಟ್ಟೆಯ ಮೇಲೆ ಊಟ, ಅದು ಆ ಕಾಲದ ರೀತಿ, ನಾನು ಕೂತಿದ್ದೆ. ಶಂಕರಲಾಲನ ಅಜ್ಜಿ ಯಾವ ಜಾತಿಯವಳೋ ಯಾರಿಗೂ ಗೊತ್ತಿಲ್ಲ, ಅವನನ್ನು ಎಲ್ಲಿ ಕೂರಿಸಬೇಕೆಂದು ಬಸಲಿಂಗಪ್ಪನ ಮನೆಯ ಹೆಂಗಸರು ಪಿಸುಗುಟ್ಟುತ್ತಿದ್ದರು. ಅವನು ಬಂದು ನನ್ನ ಪಕ್ಕದಲ್ಲೇ ಕೂತುಬಿಟ್ಟ. ನೀಲವ್ವ ಗೋಡೆಯ ಆಚೆಯಿಂದ ನೋಡಿದಳು. “ಇಬ್ಬರೂ ನಮ್ಮ ಮನಿಗೆ ಬರ್ರಿ. ಒಳಗ,” ಅಂದಳು. ಹೋದೆವು. ಬಸಲಿಂಗಪ್ಪನೂ ಹಿಂದೆಯೇ ಬಂದ. ಖಡಕ್ ರೊಟ್ಟಿ, ಎಣ್ಣೆಗಾಯಿ, ಗೋಧಿಯ ಹುಗ್ಗಿ. ಆ ಮನೆಯೊಳಗೆ ಅದೇ ಮೊದಲು ನಾನು ಉಂಡಿದ್ದು.

ಹೊರಡುವಾಗ ಶಂಕರಲಾಲ್ ನನ್ನ ಕಡೆಯಿಂದ ಒಂದು ಮಾತು ಕೇಳಿಸಿದ. ಹಾಸಿಗೆ ಹಿಡಿದ ಅಪ್ಪನಿಗೆ ಏನು ಹೇಳಲಿ? ಅವರು ಕ್ಷಮಿಸಿದರು ಎಂದು ಹೇಳಬಹುದೇ?

ನೀಲವ್ವ ಉತ್ತರ ಕೊಟ್ಟಳು.

“ಮಾಫಿ ಗೀಫಿ ನನಗ ತಿಳಿಯಂಗಿಲ್ಲಪಾ. ಅದನ್ನ ಕೊಡಾಂವ ನಮ್ಮಪ್ಪ, ಅಂವಿಲ್ಲ. ಪಾಳಿ ಮುಗಿಸಿ ಬಂದೇನಿ ಅಂತ ಹೇಳು.” ನಂತರ ಕಾಲು ಮುಂದೆ ಚಾಚಿದಳು. “ಈಗ ಮುಟ್ಟು.”

ಶಂಕರಲಾಲನಿಗೆ ಹಡಗು ಸಿಕ್ಕಿತು. ಎರಡು ತಿಂಗಳ ಮೇಲೆ ಒಂದು ಕಾರ್ಡು ಬಂತು. ಅವನು ಮನೆ ಸೇರುವವರೆಗೂ ಅಪ್ಪ ಬದುಕಿದ್ದರಂತೆ. ಎಲ್ಲವನ್ನೂ ಕಣ್ಣು ಮುಚ್ಚಿ ಕೇಳಿ, ನೀರು ಮೊದಲು ಯಾರ ಹೊಲಕ್ಕೆ ಹೋಯಿತು ಎಂದು ಮಾತ್ರ ಕೇಳಿದರಂತೆ. ಹೇಳಿದಾಗ, ಸರಿಯಾಯಿತು ಅಂದರಂತೆ. ಆ ಊರಿನಲ್ಲಿ ಗುರುವಾರದ ನೀರು ಅಂದಿನಿಂದ ಒಂದು ವಾರ ಈ ಮನೆಗೆ, ಒಂದು ವಾರ ಆ ಮನೆಗೆ.

ಈ ಕೆಲಸ ನನಗೆ ಕಲಿಸಿದ್ದು ಒಂದಿದೆ. ನಿಂತ ಯಂತ್ರವೆಲ್ಲ ಕೆಟ್ಟ ಯಂತ್ರವಲ್ಲ. ಕೆಲವನ್ನು ಯಾರೋ ಬೇಕೆಂದೇ ನಿಲ್ಲಿಸಿರುತ್ತಾರೆ. ಅಂಥದನ್ನು ಮತ್ತೆ ಓಡಿಸುವ ಕೈ ಫಿಟ್ಟರನದಲ್ಲ. ಆ ಕೈ ಬರುವತನಕ ದಾರಿ ಮಾಡಿಕೊಟ್ಟು, ಹಿಂದೆ ಸರಿದು ನಿಲ್ಲಬೇಕು. ಮುಂದೆ ಎಷ್ಟೋ ಮನೆಗಳ ಜಗಳದ ನಡುವೆ ನಿಂತು ಎಂಜಿನ್ ಕೂಡಿಸಿದ್ದೇನೆ. ಆ ದಿನದ ನಂತರ ಒಂದು ಕಡೆಯೂ ಗೊಣಗಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಸಿಂದಗಿಯಲ್ಲಿ ತಗಡಿನ ಮಾಡಿನ ಒಂದು ವರ್ಕ್‌ಶಾಪು, ಒಂದು ಲೇತು, ಎರಡು ಕೋಣೆಯ ಮನೆ, ಮೂವರು ಮಕ್ಕಳು, ಏಳು ಮೊಮ್ಮಕ್ಕಳು, ಹತ್ತು ಬೆರಳು, ಮತ್ತು ಎಂಜಿನ್ ಸದ್ದಿಗೆ ಕೆಡದೆ ಉಳಿದ, ಕೇಳುವ ಕಿವಿ ಒಂದು.